ಹೆಂಚಿಗೊಪ್ಪದ ಬಣ್ಣ ಜೇಬಿಗೂ ಒಪ್ಪದು

ಮನೆಗೆ ಬಣ್ಣ ಹೊಡೆಸಲು ನಮ್ಮ ಜನಕ್ಕೆ ನೆಪಕ್ಕೆ ಬರವಿಲ್ಲ. ಯುಗಾದಿ ಬಂತು, ಗೌರಿ ಹಬ್ಬ ಬಂತು, ಮಗಳ ಮದುವೆ ಗೊತ್ತಾಯ್ತು, ಜಾತ್ರೆಗೆ ನೆಂಟರು ಬರ್ತಾರೆ. ಸರಿ, ಸಂಜೆ ಹೊತ್ತಿಗೆ ಇಡೀ ಸಂಸಾರ ಬಣ್ಣದಂಗಡಿ ಮುಂದೆ ಹಾಜರು. ಅಂಗಡಿಯವರು ಶೇಡ್ ಕಾರ್ಡ್ ಎಂಬ ದಪ್ಪ ಪುಸ್ತಕವನ್ನು ಎದುರಿಗೆ ತಳ್ಳುತ್ತಾರೆ. ಯಜಮಾನರು ಒಂದು ಚೌಕದ ಮೇಲೆ ಬೆರಳಿಡುತ್ತಾರೆ, ಯಜಮಾನಿ ಇನ್ನೊಂದರ ಮೇಲೆ, ಕಾಲೇಜಿಗೆ ಹೋಗುವ ಮಗ ಮೊಬೈಲ್ ತೆಗೆದು ಮೂರನೆಯದನ್ನು ತೋರಿಸುತ್ತಾನೆ. ಅರ್ಧ ಗಂಟೆ ಪಂಚಾಯ್ತಿ ನಡೆದು ತೀರ್ಮಾನವಾಗುತ್ತೆ. ಈ ಪಂಚಾಯ್ತಿಯಲ್ಲಿ ಯಾರೂ ಅಭಿಪ್ರಾಯ ಕೇಳದೆ ಬಿಟ್ಟ ಒಬ್ಬ ಹಿರಿಯ ಇದ್ದಾನೆ. ಅವನು ಮನೆಯ ತಲೆ ಮೇಲೇ ಕೂತಿರುವ ಛಾವಣಿ.

ಫಲ ಏನಾಗಿದೆ, ಕಣ್ಣಾರೆ ನೋಡಿ. ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ, ದೇವನಹಳ್ಳಿ ಕೋಟೆಯ ಒಳಗಿನ ಓಣಿಗಳಲ್ಲಿ, ಹೊಸಕೋಟೆಯ ಹಳೇ ಪೇಟೆಯಲ್ಲಿ, ನೆಲಮಂಗಲದ ಸುತ್ತಿನ ಹಳ್ಳಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಕೆಂಪು ಹೆಂಚಿನ ಕೆಳಗೆ ನೇರಳೆ ಗೋಡೆ. ಕಪ್ಪು ಹಿಡಿದ ನಾಡಹೆಂಚಿನ ಕೆಳಗೆ ಕಣ್ಣು ಕುಕ್ಕುವ ಗುಲಾಬಿ. ಬೂದು ಕಲ್ಲು ಚಪ್ಪಡಿಯ ಕೆಳಗೆ ಗಿಳಿ ಹಸಿರು, ಅದರ ಪಕ್ಕಕ್ಕೆ ಕಿತ್ತಳೆ. ಗೋಡೆ ಒಂದು ಕಡೆಗೆ ಎಳೆದರೆ ಛಾವಣಿ ಇನ್ನೊಂದು ಕಡೆಗೆ. ನಡುವೆ ಸಿಕ್ಕಿಕೊಂಡು ಮನೆ ಮಂಕಾಗಿ ನಿಂತಿದೆ.

ಇದೇನು ದೊಡ್ಡ ವಿಷಯ, ನೀರಿಲ್ಲ, ರಸ್ತೆಯಿಲ್ಲ, ಚರಂಡಿ ತುಂಬಿದೆ, ಇವರಿಗೆ ಬಣ್ಣದ ಚಿಂತೆ ಅಂತ ಯಾರಾದರೂ ಮೂಗು ಮುರಿಯಬಹುದು. ಒಂದು ಸಾಧಾರಣ ಮನೆಗೆ ಹೊರಗಡೆ ಬಣ್ಣ ಹೊಡೆಸಲು ಇವತ್ತು ಎಷ್ಟಾಗುತ್ತದೆ ಅಂತ ಹೊಡೆಸಿದವರನ್ನು ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಅದು ಚೀಟಿ ಎತ್ತಿದ ದುಡ್ಡು, ಇಲ್ಲವೇ ಸಂಘದಲ್ಲಿ ಎತ್ತಿದ ಸಾಲ. ಆ ದುಡ್ಡು ಗೋಡೆಗೂ ಒಳ್ಳೆಯದು ಮಾಡದೆ ಕಣ್ಣಿಗೂ ತಂಪಾಗದೆ ಹೋದರೆ ಅದು ಊರಿನ ವಿಷಯವೇ.

ಲೆಕ್ಕ ಸುಲಭ. ಹೊರಗೋಡೆಯ ಬಣ್ಣಕ್ಕೆ ಆಯುಸ್ಸು ಐದಾರು ವರ್ಷ. ಒಳ್ಳೆ ಮಂಗಳೂರು ಹೆಂಚು ಆಗಾಗ ಕೈಯಾಡಿಸುತ್ತಿದ್ದರೆ ಎರಡು ತಲೆಮಾರು ನೋಡುತ್ತದೆ. ಕಲ್ಲು ಚಪ್ಪಡಿಗಂತೂ ಸಾವೇ ಇಲ್ಲ. ಹಾಗಿದ್ದಾಗ ಯಾರಿಗೆ ಯಾರು ಹೊಂದಿಕೊಳ್ಳಬೇಕು? ಬಂದು ಹೋಗುವ ಬಣ್ಣ ತಾನೇ?

ನೇಯುವವರಿಗೆ ಹೇಳಬೇಕೆ?

ಈ ಮಾತು ದೊಡ್ಡಬಳ್ಳಾಪುರದವರಿಗೆ ಹೇಳಿಕೊಡಬೇಕಾದದ್ದೇ ಅಲ್ಲ. ರೇಷ್ಮೆ ಸೀರೆ ನೇಯುವ ಊರು ಅದು. ಅಂಚು ಇಂಥದ್ದು ಅಂತ ಗೊತ್ತಾಗದೆ ಒಡಲಿನ ಬಣ್ಣ ಆರಿಸುವ ನೇಕಾರ ಅಲ್ಲಿ ಒಬ್ಬನೂ ಸಿಗುವುದಿಲ್ಲ. ಅಂಚು, ಒಡಲು, ಸೆರಗು ಮೂರೂ ಮಾತಾಡಿಕೊಂಡರೆ ಸೀರೆ, ಇಲ್ಲದಿದ್ದರೆ ಬರೀ ಬಟ್ಟೆ. ಮನೆಯೂ ಹಾಗೆಯೇ. ಹೆಂಚೇ ಅಂಚು. ಅದು ಆಗಲೇ ನೇಯ್ದಾಗಿದೆ, ಬಿಚ್ಚಲಾಗುವುದಿಲ್ಲ. ಗೋಡೆ ಅಂದರೆ ಒಡಲು. ಬಾಗಿಲು ಕಿಟಕಿ ಅಂದರೆ ಸೆರಗು.

ಸೀರೆಯಲ್ಲಿ ಹಸಿರು ಒಡಲಿಗೆ ಕೆಂಪು ಅಂಚು ಚೆನ್ನಾಗಿ ಕಾಣುತ್ತಲ್ಲ, ಮನೆಗೆ ಯಾಕೆ ಬೇಡ ಎಂದು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಸೀರೆಯಲ್ಲಿ ಎರಡೂ ರೇಷ್ಮೆ, ಎರಡಕ್ಕೂ ಒಂದೇ ಹೊಳಪು. ಹೆಂಚು ಸುಟ್ಟ ಮಣ್ಣು. ಅದರ ಕೆಂಪು ಮಂದವಾದದ್ದು, ಮಳೆ ಬಿಸಿಲು ಪಾಚಿ ಕುಡಿದು ಇನ್ನೂ ಮಂದವಾದದ್ದು. ಅದರ ಕೆಳಗೆ ಮಿಂಚುವ ಬಣ್ಣ ಬಳಿದರೆ ಗೋಡೆ ಹೊಸದಾಗಿ ಕಾಣುವುದಿರಲಿ, ಹೆಂಚು ಕೊಳಕಾಗಿ ಕಾಣಲು ಶುರುವಾಗುತ್ತದೆ. ಜರಿ ಸೀರೆಗೆ ಗೋಣಿತಾಟಿನ ಅಂಚು ಹೊಲಿದ ಹಾಗೆ.

ಅಲ್ಲಿಂದ ಮುಂದಿನ ಅನಾಹುತ. ಗೋಡೆ ಜಗಜಗಿಸುತ್ತಿದೆ, ಹೆಂಚು ಹಳೇದಾಯ್ತು, ಅಸಹ್ಯವಾಗಿದೆ, ತೆಗೆಸಿಬಿಡೋಣ ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ಕೋತಿ ಕಾಟ, ಸೋರುವ ಕಾಟ, ಹೆಂಚು ಕೈಯಾಡಿಸುವವರು ಸಿಗದ ಕಾಟ ಇವೆಲ್ಲ ಮೊದಲೇ ಇದ್ದವು. ಈಗ ಕಣ್ಣಿನ ಕಾಟವೂ ಸೇರಿತು. ಹೆಂಚು ಇಳಿಯಿತು, ತಗಡಿನ ಶೀಟು ಏರಿತು. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ತಗಡಿಗೆ ಆ ದಯೆ ಇಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಮಗ್ಗದ ಮುಂದೆ ಕೂತವರ ಬೆವರು ಇಳಿಯುತ್ತದೆ, ಒಣ ಸೆಕೆಗೆ ರೇಷ್ಮೆ ಎಳೆ ಪಟಪಟ ತುಂಡಾಗುತ್ತದೆ. ಗೋಡೆಗೆ ತಪ್ಪು ಬಣ್ಣ ಬಳಿದದ್ದು ಮಗ್ಗದ ಕೂಲಿಯವರೆಗೂ ಬಂತು ನೋಡಿ.

ಹಳಬರು ಸುಮ್ಮನೆ ಬಳಿಯುತ್ತಿರಲಿಲ್ಲ

ನಮ್ಮ ಕಡೆಯ ಹಳೇ ಮನೆಗಳ ರೀತಿ ಒಂದೇ. ಮೇಲೆ ಕೆಂಪು ಹೆಂಚು, ನಡುವೆ ಬಿಳಿ ಸುಣ್ಣ, ಕೆಳಗೆ ಮೊಳಕಾಲುದ್ದ ಕೆಮ್ಮಣ್ಣಿನ ಪಟ್ಟಿ. ದೇವಸ್ಥಾನದ ಗೋಡೆಗೆ ಸುಣ್ಣ-ಕೆಮ್ಮಣ್ಣಿನ ಉದ್ದ ಪಟ್ಟೆ. ಬಡತನಕ್ಕೆ ಹಾಗೆ ಮಾಡ್ತಿದ್ದರು ಅಂತ ಈಗಿನವರು ತಿಳಿದಿದ್ದಾರೆ. ಬಡತನವೂ ಇತ್ತು, ಬುದ್ಧಿಯೂ ಇತ್ತು.

ನಮ್ಮ ತಾಲ್ಲೂಕುಗಳದ್ದು ಕೆಂಪು ನೆಲ. ಜೋರು ಮಳೆ ಬಂದರೆ ಸೂರಿನ ನೀರು ನೆಲಕ್ಕೆ ಬಡಿದು ಕೆಸರು ಗೋಡೆಗೆ ಸಿಡಿಯುತ್ತದೆ. ಎರಡಡಿ ಎತ್ತರದವರೆಗೆ ಕಲೆ. ಅಲ್ಲಿ ಕೆಮ್ಮಣ್ಣೇ ಬಳಿದಿದ್ದರೆ ಕಲೆ ಎಲ್ಲಿ ಕಾಣುತ್ತದೆ? ಇನ್ನೊಂದು ಗುಟ್ಟು ಇದೆ. ನೆಲ ಕೆಂಪಾಗಿರುವುದು ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನಿಂದ. ಕೆಮ್ಮಣ್ಣೂ ಅದೇ. ಹೆಂಚಿನ ಜೇಡಿಯಲ್ಲಿರುವ ಕಬ್ಬಿಣ ಗೂಡಿನ ಬೆಂಕಿಯಲ್ಲಿ ಕೆಂಪಾಗುವುದೂ ಅದೇ. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದಾಗ ಬಳಸಿದ್ದು ಅಲ್ಲಿನ ನದೀ ದಡದ ಜೇಡಿಯನ್ನು. ಘಟ್ಟ ಹತ್ತಿ ಬಂದ ಆ ಹೆಂಚು ನಮ್ಮೂರಿನ ನೆಲಕ್ಕೆ ಪರಕೀಯವಾಗಿ ಕಾಣಲಿಲ್ಲ, ಯಾಕೆಂದರೆ ಎರಡರ ರಕ್ತವೂ ಒಂದೇ. ಮೇಲೂ ಕೆಳಗೂ ಒಂದೇ ವಂಶದ ಕೆಂಪು, ನಡುವೆ ಬಿಳಿ. ಅದಕ್ಕೇ ಆ ಮನೆಗಳು ನೆಲದಿಂದ ಎದ್ದು ಬಂದ ಹಾಗೆ ಕಾಣುತ್ತವೆ.

ಇಂಥ ಮಣ್ಣಿನ ಬಣ್ಣಗಳಿಗೆ ಇನ್ನೊಂದು ಗುಣ. ಕೆಮ್ಮಣ್ಣು, ಹಳದಿ ಮಣ್ಣು ಬಿಸಿಲಿಗೆ ಬೇಗ ಬಿಳಿಚುವುದಿಲ್ಲ. ನೇರಳೆ, ಕಡು ಗುಲಾಬಿಯಂಥ ಬಣ್ಣಗಳಲ್ಲಿ ಬಹಳಷ್ಟು ಬೇಗ ಬಿಳಿಚುತ್ತವೆ. ಪಡುವಣದ ಗೋಡೆ ಮೇಲೆ ಎರಡು ಬೇಸಿಗೆ ಕಳೆಯಲಿ, ಮುಂದಿನ ಗೋಡೆ ಒಂದು ಬಣ್ಣ, ಪಕ್ಕದ ಗೋಡೆ ಇನ್ನೊಂದು ಬಣ್ಣ. ರಾಜಸ್ಥಾನದ ಜೈಪುರವನ್ನು 1876ರಲ್ಲಿ ರಾಜಕುಮಾರನ ಸ್ವಾಗತಕ್ಕೆಂದು ಒಂದೇ ಬಣ್ಣದಲ್ಲಿ ಬಳಿಸಿದರು. ಹೆಸರಿಗೆ ಗುಲಾಬಿ ನಗರ, ನೋಡಿದರೆ ಅದೂ ನಮ್ಮ ಕೆಮ್ಮಣ್ಣಿನ ನೆಂಟನೇ. ದೂರದಿಂದ ಜನ ದುಡ್ಡು ಕೊಟ್ಟು ಹೋಗಿ ನೋಡಿ ಬರುತ್ತಾರೆ. ನಾವು ನಮ್ಮದನ್ನು ಅಳಿಸಿ ಹಾಕುತ್ತಿದ್ದೇವೆ.

ಗೋಡೆಯ ಉಸಿರು ಕಟ್ಟಬೇಡಿ

ಬಣ್ಣ ಯಾವುದು ಅನ್ನುವುದರಷ್ಟೇ ಮುಖ್ಯ, ಅದು ಯಾತರದ್ದು ಅನ್ನುವುದು. ಹಳೇ ಹೆಂಚಿನ ಮನೆಗಳ ಗೋಡೆ ಬಹುಪಾಲು ಮಣ್ಣಿನದು, ಇಲ್ಲವೇ ಕಲ್ಲು-ಮಣ್ಣಿನದು. ಅದಕ್ಕೆ ಸಿಮೆಂಟಿನ ತಳಪಾಯ, ಡಾಂಬರು ಪಟ್ಟಿ ಏನೂ ಇಲ್ಲ. ನೆಲದ ತೇವ ಮೆಲ್ಲಗೆ ಮೇಲೇರುತ್ತದೆ. ಸುಣ್ಣ ಬಳಿದ ಗೋಡೆ ಆ ತೇವವನ್ನು ಹೊರಗೆ ಬಿಡುತ್ತದೆ. ಸುಣ್ಣಕಲ್ಲು ಸುಟ್ಟು, ನೀರಲ್ಲಿ ಅರಳಿಸಿ ಬಳಿದರೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ತೆಳ್ಳಗೆ ಕಲ್ಲಾಗಿ ಕೂರುತ್ತದೆ. ಆ ಕಲ್ಲಿಗೂ ಸಣ್ಣ ಸಣ್ಣ ಕಣ್ಣುಗಳಿವೆ.

ಈಗಿನ ಎಮಲ್ಷನ್ ಬಣ್ಣ ಒಂದು ಬಗೆಯ ಪ್ಲಾಸ್ಟಿಕ್ ಹಾಳೆ. ಇಟ್ಟಿಗೆ-ಸಿಮೆಂಟಿನ ಹೊಸ ಗೋಡೆಗೆ ಅದು ಸರಿ. ಮಣ್ಣಿನ ಗೋಡೆಗೆ ಅದನ್ನು ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಮೊದಲ ಮಳೆಗಾಲಕ್ಕೆ ಬೊಬ್ಬೆ, ಎರಡನೆಯದಕ್ಕೆ ಸಿಪ್ಪೆ. ಸಿಪ್ಪೆ ಉದುರುವಾಗ ಜೊತೆಗೆ ಮಣ್ಣನ್ನೂ ಕಿತ್ತುಕೊಂಡು ಉದುರುತ್ತದೆ. ಆಮೇಲೆ ಗೋಡೆ ಸರಿಯಿಲ್ಲ ಅಂತ ಸಿಮೆಂಟ್ ಮೆತ್ತಿಸುತ್ತಾರೆ, ಅದೂ ಬಿರಿಯುತ್ತದೆ. ಪೇಂಟರ್‌ನ ಬೈಯುತ್ತಾರೆ, ಕಂಪನಿಯನ್ನು ಬೈಯುತ್ತಾರೆ. ತಪ್ಪು ಆಯ್ಕೆಯದು. ಮಣ್ಣಿನ ಗೋಡೆಗೆ ಇವತ್ತಿಗೂ ಸುಣ್ಣವೇ ಮದ್ದು. ಸ್ವಲ್ಪ ಗೋಂದೋ ಅಕ್ಕಿಗಂಜಿಯೋ ಬೆರೆಸಿದರೆ ಕೈಗೆ ಹತ್ತುವುದು ಕಡಿಮೆ. ಚಿಟಿಕೆ ನೀಲಿ ಹಾಕಿದರೆ ಬಿಳುಪಿಗೆ ಮೆರುಗು, ಹಳದಿ ಮಣ್ಣು ಹಾಕಿದರೆ ಬೆಣ್ಣೆ ಬಣ್ಣ. ಹೆಂಚಿಗೆ ಎರಡೂ ಒಪ್ಪುತ್ತವೆ.

ನಿಮ್ಮ ತಲೆ ಮೇಲೆ ಏನಿದೆ?

ಕೆಂಪು ಹೆಂಚಿದ್ದರೆ: ಬಿಳಿ, ಬೆಣ್ಣೆ ಬಣ್ಣ, ತೆಳು ಹಳದಿ, ಗಂಧದ ಬಣ್ಣ. ಹಸಿರು ಬೇಕೇ ಬೇಕು ಅಂದರೆ ಬಾಗಿಲು ಕಿಟಕಿಗೆ ಎಲೆ ಹಸಿರು ಹೊಡೆಸಿ, ಕೆಂಪಿನ ಪಕ್ಕ ಅದು ಚೆನ್ನಾಗಿ ಕೂರುತ್ತದೆ. ಗುಲಾಬಿ, ನೇರಳೆ ಬೇಡ. ಅವು ಹೆಂಚಿನ ಕೆಂಪಿಗೆ ದಾಯಾದಿಗಳು, ಹತ್ತಿರದವರಾದ್ದರಿಂದಲೇ ಜಗಳ ಜಾಸ್ತಿ.

ಕಲ್ಲು ಚಪ್ಪಡಿಯಿದ್ದರೆ: ದೇವನಹಳ್ಳಿ, ಹೊಸಕೋಟೆ ಕಡೆ ಇಂಥ ಮನೆ ಇನ್ನೂ ಇವೆ. ಚಪ್ಪಡಿಯ ಅಂಚು ಹೊರಗೆ ಚಾಚಿಕೊಂಡಿರುತ್ತದೆ. ಅದಕ್ಕೆ ಬಣ್ಣ ಬಳಿಯಬೇಡಿ, ಕಲ್ಲನ್ನು ಕಲ್ಲಾಗಿಯೇ ಬಿಡಿ. ಬೂದಿಗೆ ಬಿಳಿ ಒಪ್ಪುತ್ತದೆ, ತೆಳು ಹಳದಿ ಒಪ್ಪುತ್ತದೆ, ತೆಳು ನೀಲಿಯೂ ಒಪ್ಪುತ್ತದೆ. ಗೋಡೆಗೆ ಕಡು ಬೂದು ಹೊಡೆಸಿದರೆ ಮಾತ್ರ ಮನೆ ಗೋದಾಮಾಗುತ್ತದೆ.

ಮೋಲ್ಡ್ ಹಾಕಿದ ತಾರಸಿಯಿದ್ದರೆ: ನಮ್ಮದು ಆರ್‌ಸಿಸಿ, ಛಾವಣಿ ಕಾಣೋದೇ ಇಲ್ಲ ಅನ್ನುತ್ತೀರಾ? ಕೆಳಗಿಳಿದು ರಸ್ತೆಯಾಚೆ ನಿಂತು ನೋಡಿ. ಕಪ್ಪು ನೀರಿನ ಟ್ಯಾಂಕು, ಸೋಲಾರ್, ಬಟ್ಟೆ ಒಣಗಿಸಲು ಹಾಕಿಸಿದ ನೀಲಿ ಶೀಟು, ಸಜ್ಜೆಯಿಂದ ಇಳಿದ ಕಪ್ಪು ನೀರಿನ ಗೆರೆ. ಅದೇ ನಿಮ್ಮ ಛಾವಣಿ. ಮೇಲೆ ಶೀಟು ಹಾಕಿಸುವವರು ಗೋಡೆಯ ಬಣ್ಣದ ಜೊತೆಯಲ್ಲೇ ಶೀಟಿನ ಬಣ್ಣವನ್ನೂ ತೀರ್ಮಾನ ಮಾಡಿ. ಅಂಗಡಿಯಲ್ಲಿ ನೀಲಿ ಮುಂದೆ ಇತ್ತು ಅಂತ ನೀಲಿ ತರಬೇಡಿ. ಇಟ್ಟಿಗೆ ಕೆಂಪೂ ಇರುತ್ತದೆ, ಬಿಳಿಯೂ ಇರುತ್ತದೆ.

ಬರೀ ಶೀಟಿನ ಮನೆ, ಮಗ್ಗದ ಶೆಡ್ಡು ಇದ್ದರೆ: ಮೊದಲು ಬಣ್ಣ ಬೇಕಾಗಿರುವುದು ಶೀಟಿಗೆ, ಆಮೇಲೆ ಗೋಡೆಗೆ. ಶೀಟಿನ ಮೇಲೆ ಬಿಸಿಲು ತಡೆಯುವ ಬಿಳಿ ಬಳಿಸಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ, ಒಳಗೆ ಸೆಕೆ ಇಳಿಯುತ್ತದೆ. ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ಬಿಳಿ ಛಾವಣಿಗೆ ಯಾವ ತೆಳು ಬಣ್ಣದ ಗೋಡೆಯೂ ಹೊಂದುತ್ತದೆ, ಒಂದು ಕಲ್ಲಿಗೆ ಎರಡು ಹಣ್ಣು. ಒಂದು ಎಚ್ಚರಿಕೆ: ಹಳೇ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ, ಒಣಗಿದ್ದನ್ನು ಬ್ರಷ್ ಹಾಕಿ ಉಜ್ಜಿಸಬೇಡಿ, ಆ ಧೂಳು ಶ್ವಾಸಕೋಶಕ್ಕೆ ವಿಷ. ಹಾಗೆಯೇ ಬಾಗಿಲು, ಗ್ರಿಲ್ಲುಗಳ ಹಳೇ ಎಣ್ಣೆ ಬಣ್ಣ. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಮಕ್ಕಳ ಎದುರಿಗೆ ಕೆರೆಸಬೇಡಿ.

ಹೊಡೆಸುವ ಕಾಲದ್ದೂ ಒಂದು ಮಾತು. ಗೌರಿ-ಗಣೇಶ, ದಸರಾಕ್ಕೆ ಅಂತ ಓಡಾಡಿ ಬಣ್ಣ ಹೊಡೆಸುತ್ತೇವೆ. ನಮ್ಮ ಕಡೆ ಹೆಚ್ಚು ಮಳೆ ಸುರಿಯುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಸಿ ಗೋಡೆಗೆ ಹೊಡೆದ ಬಣ್ಣ ಹಬ್ಬ ಮುಗಿಯುವುದರೊಳಗೆ ಹಬ್ಬ ಮಾಡಿಕೊಂಡು ಹೋಗುತ್ತದೆ. ಸಂಕ್ರಾಂತಿ ಕಳೆದ ಮೇಲೆ, ಯುಗಾದಿ ಒಳಗೆ ಹೊಡೆಸಿ. ಹೊಸ ಪ್ಲಾಸ್ಟರಿಂಗ್ ಆಗಿದ್ದರೆ ಕನಿಷ್ಠ ಒಂದು ತಿಂಗಳು ಕಾಯಿರಿ, ಸಿಮೆಂಟಿನ ಖಾರ ಬಣ್ಣವನ್ನು ತಿನ್ನುತ್ತದೆ.

ನನ್ನ ಮನೆ, ನನ್ನ ಇಷ್ಟ

ನನ್ನ ಮನೆ, ನನ್ನ ದುಡ್ಡು, ನಾನು ಯಾವ ಬಣ್ಣನಾದ್ರೂ ಹೊಡೆಸ್ತೀನಿ, ಕೇಳೋಕೆ ನೀವ್ಯಾರು? ಈ ಮಾತಿನಲ್ಲಿ ನ್ಯಾಯವಿದೆ. ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ದೇವನಹಳ್ಳಿ ಸುತ್ತ ಬೇಲಿ ಹಾಕಿದ ಬಡಾವಣೆಗಳು ಎದ್ದಿವೆ. ಅಂಥ ಕಡೆ ಎಲ್ಲ ಮನೆಗೂ ಒಂದೇ ಬಣ್ಣ ಅಂತ ಸಂಘದ ಕಟ್ಟಳೆ ಇರುವುದುಂಟು. ಅಂಥ ಕಟ್ಟಳೆ ನಮ್ಮ ಬೀದಿಗಳಿಗೆ ಬರಲಿ ಎಂದು ಯಾರೂ ಕೇಳುತ್ತಿಲ್ಲ. ಹುಟ್ಟಿದಾಗಿನಿಂದ ಮಸಿ ಹಿಡಿದ ಗೋಡೆಯನ್ನೇ ನೋಡಿ ಬೆಳೆದವರು ಕೈಗೆ ನಾಲ್ಕು ಕಾಸು ಬಂದಾಗ ಗುಲಾಬಿ ಬಣ್ಣ ಕೇಳಿದರೆ ಅದನ್ನು ನೋಡಿ ನಗುವವನು ಮನುಷ್ಯನಲ್ಲ. ಬಣ್ಣದ ಆಸೆ ತಪ್ಪಲ್ಲ. ಆ ಆಸೆಯನ್ನು ಜಗುಲಿಯ ಕಂಬಕ್ಕೆ, ಬಾಗಿಲ ಚೌಕಟ್ಟಿಗೆ, ಒಳಗಿನ ಪಡಸಾಲೆಗೆ ಕೊಡಿ. ಹೆಂಚಿನ ಎದುರು ನಿಂತಿರುವ ದೊಡ್ಡ ಗೋಡೆಗೆ ಮಾತ್ರ ಹೆಂಚಿನ ಮಾತು ಕೇಳಿ.

ಇಷ್ಟ ಅನ್ನುವ ಮಾತು ಅನ್ವಯಿಸದ ಕಟ್ಟಡಗಳೂ ಇವೆ. ಅವು ಸರ್ಕಾರದವು. ಹೆಂಚಿನ ಹಳೇ ಶಾಲೆಗಳು, ಆಸ್ಪತ್ರೆಗಳು, ಕಚೇರಿಗಳು. ಅಲ್ಲಿ ಹೊಡೆಯುವುದು ನಮ್ಮ ನಿಮ್ಮ ತೆರಿಗೆಯ ಬಣ್ಣ. ಎಸ್ಟಿಮೇಟಿನಲ್ಲಿ ಚದರ ಮೀಟರ್ ಇರುತ್ತದೆ, ದರ ಇರುತ್ತದೆ. ಗೋಡೆ ಮಣ್ಣಿನದೋ ಸಿಮೆಂಟಿನದೋ, ಮೇಲೆ ಹೆಂಚೋ ಮೋಲ್ಡೋ ಎಂಬ ವಿಚಾರಕ್ಕೂ ಅಲ್ಲಿ ಜಾಗ ಬೇಡವೆ?

ಮಾದರಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ಯಲಹಂಕ-ಚಿಕ್ಕಬಳ್ಳಾಪುರ ರೈಲು ದಾರಿ 1915ರ ಕಾಲದ್ದು. ಆ ದಾರಿಯಲ್ಲಿರುವ ದೇವನಹಳ್ಳಿ, ಅವತಿಹಳ್ಳಿ, ಜಿಲ್ಲೆ ದಾಟಿದರೆ ನಂದಿ ಹಾಲ್ಟ್, ಇವು ಹೆಂಚು ಹೊದ್ದ ಪುಟ್ಟ ನಿಲ್ದಾಣಗಳು. ವರ್ಷಗಟ್ಟಲೆ ಹಾಳು ಬಿದ್ದಿದ್ದವು. ಇಂಟ್ಯಾಕ್ ಸಂಸ್ಥೆಯವರು ಈಚಿನ ವರ್ಷಗಳಲ್ಲಿ ಅವುಗಳ ಜೀರ್ಣೋದ್ಧಾರಕ್ಕೆ ಕೈಹಾಕಿದರು. ಹೆಂಚನ್ನು ಕಿತ್ತು ಶೀಟು ಹಾಕುವ ಸುಲಭದ ದಾರಿ ಅವರಿಗೂ ಇತ್ತು. ಹೆಂಚನ್ನು ಉಳಿಸಿಕೊಂಡೇ ಕೆಲಸ ಮಾಡಿದರು. ನಮ್ಮ ನಗರಸಭೆ, ಪುರಸಭೆಯ ಇಂಜಿನಿಯರುಗಳು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ರೈಲು ಹತ್ತಿ ನೋಡಿ ಬರಲಿ.

ಕೇಳುವುದು ಮೂರೇ ಮಾತು. ಒಂದು, ಸರ್ಕಾರಿ ಕಟ್ಟಡದ ಬಣ್ಣದ ಎಸ್ಟಿಮೇಟಿನಲ್ಲಿ ಛಾವಣಿ ಯಾವುದು, ಗೋಡೆ ಯಾತರದು ಎಂಬ ಎರಡು ಕಲಂ ಇರಲಿ. ಎರಡು, ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಬಣ್ಣ ಬಳಿದ ಬಿಲ್ಲು ಪಾಸಾಗದಿರಲಿ. ಮೂರು, ಸುಣ್ಣ ಹೊಡೆಯಲು, ಹೆಂಚು ಕೈಯಾಡಿಸಲು ಬಲ್ಲ ಹಳೇ ಕೈಗಳು ಪ್ರತಿ ಊರಿನಲ್ಲೂ ಒಂದೆರಡು ಉಳಿದಿವೆ. ಅವರ ಕೈಲಿ ನಾಲ್ಕು ಹುಡುಗರಿಗೆ ಕೆಲಸ ಕಲಿಸಿ, ಕಲಿಸಿದ್ದಕ್ಕೆ ಕೂಲಿ ಕೊಡಿ. ಆ ಕೈಗಳು ಹೋದ ಮೇಲೆ ಹೆಂಚು ಉಳಿಸಬೇಕೆಂದರೂ ಉಳಿಸಲು ಯಾರಿರುತ್ತಾರೆ?

ಮನೆಯವರಿಗೆ ಕೇಳುವುದು ಒಂದೇ ಮಾತು. ಮುಂದಿನ ಸಲ ಬಣ್ಣದಂಗಡಿಗೆ ಹೋಗುವಾಗ ಹಿತ್ತಲಲ್ಲಿ ಬಿದ್ದಿರುವ ಒಡೆದ ಹೆಂಚಿನ ಚೂರೊಂದನ್ನು ಕೈಚೀಲಕ್ಕೆ ಹಾಕಿಕೊಳ್ಳಿ. ಶೇಡ್ ಕಾರ್ಡಿನ ಪಕ್ಕ ಅದನ್ನಿಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬೇಡ, ಹೊರಗೆ ಬಿಸಿಲಿಗೆ ತಂದು ನೋಡಿ. ಚೌಕದಲ್ಲಿ ತೆಳುವಾಗಿ ಕಂಡದ್ದು ಇಡೀ ಗೋಡೆಗೆ ಬಂದಾಗ ಗಾಢವಾಗಿ ಕಾಣುತ್ತದೆ, ಅದಕ್ಕೇ ಮನಸ್ಸಿಗೆ ಬಂದದ್ದಕ್ಕಿಂತ ಒಂದು ಮೆಟ್ಟಿಲು ತೆಳುವಾದದ್ದನ್ನೇ ಆರಿಸಿ. ಚಿಕ್ಕ ಡಬ್ಬಿ ತಂದು ಸೂರಿನ ಕೆಳಗೆ ಎರಡಡಿ ಅಗಲ ಬಳಿದು, ಬೆಳಗ್ಗೆ, ಮಧ್ಯಾಹ್ನ, ಸಂಜೆ ಎರಡು ದಿನ ನೋಡಿ. ಆಮೇಲೂ ಒಪ್ಪಿಗೆಯಾದರೆ ಹೊಡೆಸಿ. ಖರ್ಚಾಗುವುದು ಒಂದು ಚಿಕ್ಕ ಡಬ್ಬಿ, ಉಳಿಯುವುದು ಚೀಟಿ ದುಡ್ಡು. ಅಂಗಡಿಯವರು ನಕ್ಕರೆ ನಗಲಿ ಬಿಡಿ.